ನಡುಮನೆಯ ಗೋಡೆಗೆ ಸುಣ್ಣ ಬಳಿಯಬೇಡಿ

ಪರಾಭವ ಸಂವತ್ಸರ, ಎರಡನೆಯ ಆಷಾಢ, ನಲವತ್ತನೆಯ ದಿನ
ಸುಣ್ಣದ ಗೂಡಿನ ಬೀದಿ, ಹಳೇ ಪೇಟೆ, ಬೆಂಗಳೂರು

ವನಜಾಕ್ಷಮ್ಮನವರಿಗೆ ವನಜಾಕ್ಷಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿದ ಕೂಡಲೇ ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಹರಿದು ಗಾರೆಯ ಬಾಂಡಲಿಗೆ ಎಸೆಯಬೇಡಿ. ನಿಮಗೂ ಈಗ ಪರಾಭವ ಸಂವತ್ಸರವೇ ನಡೆಯುತ್ತಿದೆ, ಬಲ್ಲೆ. ನಾನು ಬರೆಯುತ್ತಿರುವುದು ಆ ಪರಾಭವದಲ್ಲಲ್ಲ. ಅರವತ್ತು ಸಂವತ್ಸರಗಳ ಸುತ್ತು ಇನ್ನೂ ಮೂರು ಸಲ ತಿರುಗಿ ಮತ್ತೆ ಬಂದಿರುವ ಪರಾಭವದಲ್ಲಿ. ಆಷಾಢ ಎರಡು ಹೇಗಾಯಿತು, ತಿಂಗಳಿಗೆ ನಲವತ್ತನೆಯ ದಿನ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಮಳೆಗಾಲ ದಾರಿ ತಪ್ಪಿದ ಮೇಲೆ ನಮ್ಮ ಹಿರಿಯರು ಮಳೆಯನ್ನು ಪಂಚಾಂಗಕ್ಕೆ ಹೊಂದಿಸಲಾರದೆ ಪಂಚಾಂಗವನ್ನೇ ಮಳೆಗೆ ಹೊಂದಿಸಿದರು. ಚಂದ್ರ ಮತ್ತು ನಕ್ಷತ್ರಗಳು ಮಾತ್ರ ನಿಮ್ಮ ಕಾಲದ ಹಾದಿಯಲ್ಲೇ ನಡೆಯುತ್ತಿವೆ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿನಲ್ಲಿಡಿ. ನಡುನಡುವೆ ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಕ್ಷಮಿಸಿ. ಅವುಗಳನ್ನು ನಾನು ಹುಟ್ಟಿಸಲಿಲ್ಲ, ಅವುಗಳೊಳಗೆ ಹುಟ್ಟಿದೆ ಅಷ್ಟೆ.

ನಿಮಗೆ ಈಗ ನಲವತ್ತೊಂದು, ನನಗೆ ನಲವತ್ನಾಲ್ಕು. ಆದರೂ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿಗೂ ಹಿಂದಿನವರು. ಆದ್ದರಿಂದ ಅಜ್ಜಿ ಎನ್ನುತ್ತೇನೆ, ಬೇಸರಿಸಬೇಡಿ. ಇಬ್ಬರಿಗೂ ಒಂದೇ ಹೆಸರಿರುವುದು ಪ್ರೀತಿಯಿಂದ ಇಟ್ಟದ್ದೆಂದು ನೀವು ಹಿಗ್ಗಬಾರದು. ಅದರ ಕಥೆಯನ್ನೂ ಹೇಳುತ್ತೇನೆ.

ಈ ಹೊತ್ತು ನೀವು ಏನು ಮಾಡುತ್ತಿದ್ದೀರಿ ಎಂಬುದು ನನಗೆ ಚೆನ್ನಾಗಿ ಗೊತ್ತು. ಪೇಟೆಯ ತೊಟ್ಟಿಮನೆಗಳೆಲ್ಲ ಒಂದೊಂದಾಗಿ ಉರುಳಿ ಅಂಗಡಿ ಸಾಲುಗಳಾಗುತ್ತಿರುವಾಗ ನೀವೊಬ್ಬರು ಹಟ ಹಿಡಿದು ತವರುಮನೆಯನ್ನು ಉಳಿಸಿಕೊಂಡಿದ್ದೀರಿ. ಕೆರೆಯ ದಡದಲ್ಲಿ ಸುಣ್ಣದ ಗೂಡು ಇಟ್ಟುಕೊಂಡು ಅರ್ಧ ಪೇಟೆಗೆ ಸುಣ್ಣ ಸುಟ್ಟು ಕೊಟ್ಟ ಮನೆತನ ನಮ್ಮದು. ಆ ಮನೆಗೆ ಸಿಮೆಂಟು ಮೆತ್ತುವುದು ಮರ್ಯಾದೆಗೇಡು ಎಂದು ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ನೀರು ಹಾಕಿಸಿ ಕೊಳೆಸುತ್ತಿದ್ದೀರಿ. ಗೆದ್ದಲು ತಿಂದ ತೊಲೆ ತೆಗೆಸಿದ್ದೀರಿ. ತೊಟ್ಟಿಯ ಚಪ್ಪಡಿಗಳನ್ನು ಎಬ್ಬಿಸಿ, ತೊಳೆದು, ಇದ್ದ ಜಾಗದಲ್ಲೇ ಮತ್ತೆ ಕೂರಿಸಿದ್ದೀರಿ. ನೆಂಟರೆಲ್ಲ ನಿಮಗೆ ತಲೆ ಕೆಟ್ಟಿದೆ ಎನ್ನುತ್ತಿದ್ದಾರೆ. ಕೆಟ್ಟಿಲ್ಲ ಅಜ್ಜಿ. ನೀವು ಮಾಡುತ್ತಿರುವುದು ಬಲು ಚೆಂದದ ಕೆಲಸ. ಈ ಮನೆಯ ತೊಟ್ಟಿಯೊಳಗೆ ಬಿಸಿಲು ಇಳಿಯುವುದನ್ನು ನೋಡಿಕೊಂಡೇ ನಾನು ಬೆಳೆದೆ, ಈಗಲೂ ಅದು ಇಳಿಯುವಾಗ ಕೈಯ ಕೆಲಸ ನಿಲ್ಲಿಸಿ ನೋಡುತ್ತೇನೆ. ಬರಿಯ ದ್ವೇಷವಿದ್ದಿದ್ದರೆ ನನ್ನ ಪಾಡು ಇಷ್ಟು ಕಷ್ಟದ್ದಾಗುತ್ತಿರಲಿಲ್ಲ.

ಕೆಲಸ ಮುಗಿದ ದಿನ ನೀವು ಬೀದಿಯವರನ್ನೆಲ್ಲ ಊಟಕ್ಕೆ ಕರೆಯುತ್ತೀರಿ. ಯಾರೋ ಫೋನು ಹಿಡಿದು ಎರಡು ಮಾತಾಡಿ ಎಂದಾಗ ಸೆರಗಿನಿಂದ ಬೆವರು ಒರೆಸಿಕೊಂಡು ಹೇಳುತ್ತೀರಿ: "ಮನೆ ಅಂದ್ರೆ ಬರೀ ಗೋಡೆ ಅಲ್ಲ, ಜನ. ನಮ್ಮ ಜನ ಇರೋ ತನಕ ಈ ಮನೆ ಹಿಂಗೇ ಇರ್ಬೇಕು." ನೀವು ಇನ್ನೂ ಆಡದ ಈ ಮಾತನ್ನು ನಾನು ದಿನಾ ಬೆಳಿಗ್ಗೆ ನಿಮ್ಮ ದನಿಯಲ್ಲೇ ಕೇಳುತ್ತೇನೆ. ನಮ್ಮ ಹೆಬ್ಬಾಗಿಲಿನಲ್ಲಿ ನೋಟಗಾರರಿಗೆ ಅದನ್ನು ಕೇಳಿಸುತ್ತಾರೆ. ನೋಟಗಾರರೆಂದರೆ ಚೀಟಿ ಕೊಂಡು ಹಳೆಯ ಕಾಲವನ್ನು ನೋಡಲು ಬರುವವರು. ಹೊರಗಿನ ಬೆಂಗಳೂರು ಈಗ ಮೂರು ತಿಂಗಳಿಗೊಮ್ಮೆ ತನ್ನನ್ನು ತಾನೇ ಕೆಡವಿ ಕಟ್ಟಿಕೊಳ್ಳುತ್ತದೆಯಂತೆ. ನಿನ್ನೆ ಹಾಲು ತಂದ ಅಂಗಡಿ ಇಂದು ಇರುವುದಿಲ್ಲ, ಮಲಗಿದ ಕೋಣೆ ಎದ್ದಾಗ ಬೇರೆ ಕಡೆಗೆ ಮುಖ ಮಾಡಿರುತ್ತದೆ. ಅಂಥವರು ಕದಲದೆ ಇರುವ ಒಂದು ಬೀದಿಯನ್ನು ಕಂಡರೆ ಗಂಟೆಗಟ್ಟಲೆ ನಿಂತು ನೋಡುತ್ತಾರೆ. ಅವರಿಗಾಗಿ ಹಳೇ ಪೇಟೆಯನ್ನು ನಿಲುಬೀದಿ ಎಂದು ಸಾರಿದರು. ಒಂದೊಂದು ಮನೆಗೂ ಒಂದು ನಿಲುದಿನ, ಎಂದರೆ ಆ ಮನೆಯ ಕಾಲ ನಿಂತ ದಿನ. ನಮ್ಮ ಮನೆಯದು ನಿಮ್ಮ ಊಟದ ದಿನ. ಬರಿಯ ಗೋಡೆ ಉಳಿಸಿದರೆ ಸಾಲದು, ಮನೆಯೆಂದರೆ ಜನ ಎಂದು ಮನೆಯೊಡತಿಯೇ ಹೇಳಿದ್ದಾಳಲ್ಲ ಎಂದು ನಿಮ್ಮ ಹರಕೆಯನ್ನೇ ನಮಗೆ ಕಾನೂನು ಮಾಡಿದರು.

ಆ ದಿನ ಈ ಮನೆಯಲ್ಲಿ ಇದ್ದವರು ಮೂವರು: ನಿಮ್ಮ ತಾಯಿ ಚೌಡಮ್ಮ, ನೀವು, ನಿಮ್ಮ ಮಗಳು ಸಿಂಚನ. ಅಂದಿನಿಂದ ಇಲ್ಲಿ ಚೌಡಮ್ಮ, ವನಜಾಕ್ಷಿ, ಸಿಂಚನ ಇದ್ದೇ ಇದ್ದಾರೆ. ಈಗಿನ ಚೌಡಮ್ಮ ನನ್ನ ಅವ್ವ. ಈಗಿನ ಸಿಂಚನ ನನ್ನ ಮಗಳು. ಅವ್ವ ಹೋದ ದಿನ ನಾನು ಚೌಡಮ್ಮನಾಗುತ್ತೇನೆ, ನನ್ನ ಮಗಳು ವನಜಾಕ್ಷಿಯಾಗುತ್ತಾಳೆ, ಖಾಲಿಯಾದ ಸಿಂಚನಳ ಜಾಗಕ್ಕೆ ಪಕ್ಕದ ಬೀದಿಯಿಂದ ಒಂದು ಹೆಣ್ಣುಮಗುವನ್ನು ತರುತ್ತಾರೆ. ಮಗುವನ್ನು ಈಗಾಗಲೇ ನೋಡಿ ಇಟ್ಟಿದ್ದಾರೆಂದು ಕೇಳಿದೆ. ಇನ್ನೂ ನಡಿಗೆ ಕಲಿಯುತ್ತಿದೆಯಂತೆ.

ನಮ್ಮ ದಿನಚರಿಯನ್ನು ಸ್ವಲ್ಪ ಹೇಳಿದರೆ ನಿಮಗೆ ನಗು ಬರಬಹುದು. ನೀವು ಆ ದಿನ ಕಿಟಕಿಯ ಕಟ್ಟೆಯ ಮೇಲೆ ಸ್ಕ್ರೂಡ್ರೈವರ್ ಮರೆಯುತ್ತೀರಿ. ಅದು ಇನ್ನೂ ಅಲ್ಲೇ ಇದೆ. ನಾನು ಅದನ್ನೆತ್ತಿ, ಅಡಿಯ ಧೂಳು ಒರೆಸಿ, ಹಿಡಿ ಬಾಗಿಲ ಕಡೆಗಿರುವಂತೆ ಮತ್ತೆ ಇಡುತ್ತೇನೆ. ಫ್ರಿಜ್ಜಿನ ಮೇಲಿನ ಪ್ಲಾಸ್ಟಿಕ್ ಹೂಗಳಿಗೆ ನೀರು ಚಿಮುಕಿಸಿ ತೊಳೆಯುತ್ತೇನೆ. ಅಷ್ಟು ವಿಕಾರವಾದ ಹೂಗಳನ್ನು ನೀವು ಯಾಕೆ ಕೊಂಡಿರೋ ನನಗೆ ಈವರೆಗೆ ತಿಳಿದಿಲ್ಲ. ಕುಕ್ಕರು ಕೂಗಿದಾಗ, ನೋಟಗಾರರು ಒಳಗೆ ಬಾರದಂತೆ ಅಡ್ಡ ಕಟ್ಟಿದ ಹಗ್ಗದ ಆಚೆ ನಿಂತ ಅವರ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಯಾವ ಕರೆಯೂ ಬಾರದ ಫೋನನ್ನು ಚಾರ್ಜಿಗೆ ಇಡಬೇಕು. ಆ ದಿನದ ಟೀವಿ ವಾರ್ತೆಯನ್ನು ದಿನಾ ನೋಡಬೇಕು. ನಾಳೆ ಬೆಸ್ಕಾಂನವರು ಕರೆಂಟು ತೆಗೆಯುತ್ತಾರೆಂಬ ಎಚ್ಚರಿಕೆ ಅದರಲ್ಲಿ ಬರುತ್ತದೆ. ಆ ನಾಳೆಯನ್ನು ನಾವಾರೂ ಕಂಡಿಲ್ಲ. ಮಗಳು ಏಳನೆಯ ತರಗತಿಯ ಪುಸ್ತಕಗಳನ್ನು ಓದಿ ಓದಿ ಕಂಠಪಾಠ ಮಾಡಿಬಿಟ್ಟಿದ್ದಾಳೆ. ಎಂಟನೆಯ ತರಗತಿಯಲ್ಲಿ ಏನು ಇರುತ್ತದೆ ಎಂದು ನನ್ನನ್ನು ಕೇಳುತ್ತಾಳೆ. ನನಗೂ ಗೊತ್ತಿಲ್ಲ.

ಇನ್ನು ಸುಣ್ಣ. ಉಗಾದಿಗೆ ಮುಂಚೆ ಮನೆಗೆಲ್ಲ ಸುಣ್ಣ ಬಳಿಯುವುದು ನಮ್ಮ ಮನೆತನದ ವಾಡಿಕೆ, ಅದು ನಿಲುದಿನದ ಗೋಡೆಯಲ್ಲೇ ಕಾಣುತ್ತದೆ. ಆದ್ದರಿಂದ ಅದಕ್ಕೆ ಅಪ್ಪಣೆ ಇದೆ. ನಮ್ಮವರಿಗೆ ಬರಿಯ ಗೋಡೆ ಕಂಡರೆ ಕೈ ಸುಮ್ಮನಿರುವುದಿಲ್ಲ ತಾನೆ? ತಲೆತಲಾಂತರದಿಂದ ಬಳಿದದ್ದೇ ಬಳಿದದ್ದು. ಪದರದ ಮೇಲೆ ಪದರ ಕೂತು ಮೂಲೆಗಳು ದುಂಡಗಾಗಿವೆ, ಕೋಣೆಯ ಕಿಟಕಿ ಪೂರ್ತಿ ಮುಚ್ಚುವುದಿಲ್ಲ, ಅವ್ವನ ಮಂಚವನ್ನು ಹೊರಗೆ ತೆಗೆಯಲು ಆಗುವುದಿಲ್ಲ. ಮನೆ ಒಳಗಿಂದ ಕಿರಿದಾಗುತ್ತಿದೆ ಅಜ್ಜಿ. ಕೂದಲೆಳೆಯಷ್ಟೇ ನಿಜ, ಆದರೆ ಪ್ರತಿವರ್ಷವೂ ಆಗುತ್ತಿದೆ, ಅದನ್ನು ಮಾಡುತ್ತಿರುವುದು ನಮ್ಮ ಕೈಯೇ.

ಆ ಊಟದ ದಿನ ನಿಮ್ಮ ಯಜಮಾನರು ನಿಮ್ಮ ಮೇಲೆ ಮುನಿಸಿಕೊಂಡು ತುಮಕೂರಿಗೆ ಹೋಗಿರುತ್ತಾರೆ. ಆ ಕಾರಣಕ್ಕೆ ಈ ಮನೆಯಲ್ಲಿ ಗಂಡಸು ಇರುವಂತಿಲ್ಲ. ಹಬ್ಬಕ್ಕೆ ಅಳಿಯನನ್ನು ಕರೆಯುವ ವಾಡಿಕೆಯಿರುವುದರಿಂದ ಹಬ್ಬಗಳಿಗೆ ಮಾತ್ರ ನನ್ನ ಗಂಡ ಬರಬಹುದಿತ್ತು. ಅವನ ಹೆಸರು ಲೋಹಿತ್, ಪಕ್ಕದ ಕಂಚುಗಾರರ ಬೀದಿಯವನು, ಅವನದೂ ನಿಲುಮನೆ. ಈಗ ಆರು ವರ್ಷದಿಂದ ಅವನು ಹೊರಗಿದ್ದಾನೆ. ಚೀಟಿ ಕೊಂಡು ನೋಟಗಾರರ ಸಾಲಿನಲ್ಲಿ ಬಂದು, ಹಗ್ಗದ ಆಚೆ ನಿಂತು, ನಾನು ಒಗ್ಗರಣೆ ಹಾಕುವುದನ್ನು ನೋಡಿ ಹೋಗುತ್ತಾನೆ. ಮಾತಾಡುವಂತಿಲ್ಲ. ಮಗಳು ಅವನಿಗೆ ಕಾಣುವ ಹಾಗೆ ಕೂತು ಪಾಠವನ್ನು ಗಟ್ಟಿಯಾಗಿ ಓದುತ್ತಾಳೆ.

ಅವನು ಹೊರಗೆ ಹೋದದ್ದು ಹೇಗೆ ಎಂಬುದೇ ಈ ಕಾಗದದ ಜೀವ. ನಿಮ್ಮ ಕಾಲದಲ್ಲೂ ಗೊತ್ತಿರುವ ಪದ್ಧತಿ: ಧನಿಷ್ಠೆಯಿಂದ ರೇವತಿಯವರೆಗಿನ ಐದು ನಕ್ಷತ್ರಗಳಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಬಾಗಿಲಿನಿಂದ ಒಯ್ಯದೆ ಗೋಡೆ ಒಡೆದು ಹೊರಗೆ ತೆಗೆಯುವುದು, ಮನೆಗೆ ಬೀಗ ಹಾಕಿ ಮನೆಮಂದಿಯೆಲ್ಲ ಆರು ತಿಂಗಳು ಬೇರೆ ಕಡೆ ಇರುವುದು. ಎಲ್ಲ ಮನೆಗಳಲ್ಲೂ ಇದನ್ನು ಪಾಲಿಸುತ್ತಿರಲಿಲ್ಲ. ಲೋಹಿತನ ಮನೆಯಲ್ಲಿ ಪಾಲಿಸುತ್ತಿದ್ದರು. ಹಿಂದೊಮ್ಮೆ ಒಡೆದು ಮುಚ್ಚಿದ ಗೋಡೆಯ ತೇಪೆ ಅವರ ನಿಲುದಿನದಲ್ಲಿ ಬರಿಗಣ್ಣಿಗೆ ಕಾಣುತ್ತಿತ್ತು. ಅವನ ತಾಯಿ ಶತಭಿಷೆಯಲ್ಲಿ ತೀರಿಕೊಂಡಾಗ ನಿಲುಬೀದಿಯ ಪಾಲಕರು ತೇಪೆಯನ್ನು ನೋಡಿ, ಈ ಮನೆಯ ವಾಡಿಕೆ ಇದು ಎಂದು ಒಪ್ಪಿ, ತಾವೇ ನಿಂತು ಗೋಡೆ ಒಡೆಸಿ ಎಲ್ಲರನ್ನೂ ಹೊರಗೆ ಕಳಿಸಿದರು. ಆರು ತಿಂಗಳು ಹೊರಗಿನ ಗಾಳಿ ಕುಡಿದವರನ್ನು ಮತ್ತೆ ಒಳಗೆ ಬಿಡುವಂತಿಲ್ಲ, ಅವರಿಂದ ಹೊಸ ಕಾಲ ಅಂಟುತ್ತದೆ ಎಂದು ಇನ್ನೊಂದು ಕಾನೂನಿದೆ. ಎರಡು ಕಾನೂನುಗಳ ನಡುವಿನ ಸಂದಿಯಲ್ಲಿ ಒಂದಿಡೀ ಸಂಸಾರ ಪಾರಾಯಿತು. ನಿಲುಬೀದಿಯಿಂದ ಹೊರಗೆ ಹೋಗಲು ನಾನು ಕಂಡಿರುವುದು ಅದೊಂದೇ ದಾರಿ.

ನಮ್ಮ ಮನೆಗೂ ಆ ವಾಡಿಕೆ ಇತ್ತು. ನಿಮ್ಮ ಮುತ್ತಜ್ಜಿ ಇಂಥ ನಕ್ಷತ್ರದಲ್ಲೇ ತೀರಿಕೊಂಡಾಗ ನಡುಮನೆಯ ಉತ್ತರದ ಗೋಡೆ ಒಡೆದು ಅವರನ್ನು ಒಯ್ದರು. ಮನೆಯವರೆಲ್ಲ ಕೆರೆಯ ದಡದ ಸುಣ್ಣದ ಗೂಡಿನ ಹತ್ತಿರ ಗುಡಿಸಲು ಹಾಕಿಕೊಂಡಿದ್ದು, ಆಮೇಲೆ ಬಂದು ಸಿಕ್ಕ ಇಟ್ಟಿಗೆಗಳಲ್ಲಿ ಗೋಡೆ ಮುಚ್ಚಿದರು. ಇದು ನಮ್ಮ ಮನೆಯ ಹೆಂಗಸರು ಮಗಳಿಂದ ಮಗಳಿಗೆ ಹೇಳಿಕೊಂಡು ಬಂದ ಮಾತು. ಅದರ ಮುಂದಿನ ಭಾಗದಲ್ಲಿ ನೀವಿದ್ದೀರಿ. ಹಳೆಯ ಗಾರೆ ಕೆರೆದಾಗ ಆ ತೇಪೆ ಎದ್ದು ಕಾಣುತ್ತದೆ. ಮೇಸ್ತ್ರಿ ಮುನಿರಾಜು ಕೇಳುತ್ತಾರೆ: "ಅಮ್ಮಾ, ಇದುನ್ನ ಹಿಂಗೇ ಬಿಡ್ಲಾ, ಗಾರೆ ಮಾಡಿ ಸುಣ್ಣ ಹೊಡೀಲಾ?" ನೀವು ಸೊಂಟದ ಮೇಲೆ ಕೈಯಿಟ್ಟು ಆ ಕಡೆ ಈ ಕಡೆ ತಲೆ ವಾಲಿಸಿ ನೋಡಿ ಹೇಳುತ್ತೀರಿ: "ಥೂ, ಸುಣ್ಣದೋರ್ ಮನೇಲಿ ಇದೇನ್ ಗಾಯ ಇದ್ದಂಗೆ. ನುಣ್ಣಗೆ ಮಾಡಿ." ಕೊನೆಯ ಕೈ ನೀವೇ ಕುಂಚ ಹಿಡಿದು ಬಳಿಯುತ್ತೀರಿ.

ಗೋಡೆ ನುಣ್ಣಗಾಯಿತು. ಪಾಲಕರಿಗೆ ನಿಲುದಿನದಲ್ಲಿ ಕಂಡದ್ದೇ ಪ್ರಮಾಣ, ಆಮೇಲೆ ಕೆರೆದು ತೋರಿಸಿದ್ದು ಲೆಕ್ಕಕ್ಕಿಲ್ಲ. ಅವ್ವ ಪ್ರಾಯದಲ್ಲಿ ಒಮ್ಮೆ ಸೌಟಿನ ಹಿಡಿಯಿಂದ ಆ ಗೋಡೆಯನ್ನು ಕೆರೆದಳು. ಗೀರು ಬಿದ್ದದ್ದು ಅವರಿಗೆ ಆ ಕ್ಷಣವೇ ತಿಳಿಯಿತು, ಸಂಜೆಯೊಳಗೆ ಮುಚ್ಚಿದರು. ದಂಡವೆಂದು, ಮೂವರ ಲೆಕ್ಕಕ್ಕೆ ಹೊರತಾಗಿದ್ದ ನನ್ನ ತಂಗಿಯನ್ನು ಮಗು ಕಡಿಮೆಯಿದ್ದ ಇನ್ನೊಂದು ಮನೆಗೆ ಕೊಟ್ಟರು. ಅವ್ವ ಆಮೇಲೆ ಆ ಗೋಡೆಗೆ ಬೆನ್ನು ಕೊಟ್ಟು ಕೂತವಳಲ್ಲ.

ಈಗ ಅವಳು ಹಾಸಿಗೆ ಹಿಡಿದಿದ್ದಾಳೆ. ಇನ್ನು ಹೆಚ್ಚು ದಿನವಿಲ್ಲವೆಂದು ಅವಳಿಗೇ ಗೊತ್ತು. ಅಳುವುದಿಲ್ಲ, ಬಯ್ಯುವುದು ಮಾತ್ರ ನಿಂತಿಲ್ಲ. ಮೊನ್ನೆ ಮಿಕ್ಸಿ ಹಾಕಿಸಿ, ಹಗ್ಗದ ಆಚೆಯವರಿಗೆ ಕೇಳದಂತೆ ಆ ಸದ್ದಿನ ಮರೆಯಲ್ಲಿ ನನ್ನ ಕಿವಿ ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು: "ನಾನೆಂಗಿದ್ರೂ ಹೋಗೋಳು. ಹೋಗೋದ್ನ ಧನಿಷ್ಠೆ ಹುಟ್ಟಿದ್ಮೇಲೇ ಹೋಗ್ತೀನಿ. ಅಲ್ಲೀಗಂಟ ಉಸ್ರು ಹಿಡ್ಕಂಡಿರ್ತೀನಿ. ನನ್ ಕೆಲ್ಸ ನಾನ್ ಮಾಡ್ತೀನಿ, ಗೋಡೆ ಕೆಲ್ಸ ನೀನ್ ನೋಡ್ಕೋ." ಆಮೇಲೆ ನನ್ನ ಮಗಳ ಕಡೆ ನೋಡಿ, "ಇದುನ್ನೂ ವನಜಾಕ್ಷಿ ಮಾಡ್ಬ್ಯಾಡ ಕಣೇ, ನಿನ್ ಕಾಲು ಹಿಡ್ಕತೀನಿ" ಎಂದಳು. ಹೆತ್ತ ತಾಯಿ ಕಾಲು ಹಿಡಿಯುತ್ತೇನೆಂದರೆ ಯಾರು ತಾನೆ ಸುಮ್ಮನಿರುತ್ತಾರೆ? ನನಗೆ ಸಲ್ಲುವ ಹಿಂದಂಚೆ ಬೇಕೆಂದು ನಾನು ಅಂದೇ ಪಾಲಕರಿಗೆ ಹೇಳಿ ಕಳಿಸಿದೆ.

ನಿಲುಮನೆಯವರಿಗೆ ಆಯುಸ್ಸಿನಲ್ಲಿ ಒಂದು ಹಿಂದಂಚೆ ಸಿಗುತ್ತದೆ. ಮನೆಯ ವಿಚಾರದಲ್ಲಿ ಸಂದೇಹ ಬಂದರೆ ಮೂಲದವರನ್ನೇ ಕೇಳಿ ತಿಳಿಯಲಿ ಎಂದು ಮಾಡಿದ ಏರ್ಪಾಡು. ಕಾಗದ ಹಿಂದಕ್ಕೆ ಹೋಗುತ್ತದೆ, ಉತ್ತರ ಕಾಗದದಲ್ಲಿ ಬರುವುದಿಲ್ಲ, ಮನೆಯಲ್ಲೇ ಬರುತ್ತದೆ. ಎದುರುಮನೆಯವಳು ಒಮ್ಮೆ ಬಾಗಿಲಿಗೆ ಸ್ವಲ್ಪ ಹಸಿರು ಬಳಿಯಬಾರದಿತ್ತೇ ಎಂದು ತನ್ನ ಮೂಲದವರಿಗೆ ಬರೆದಳು. ಮರುದಿನ ಬಾಗಿಲು ಹಸಿರಾಗಿತ್ತು. ಅದು ಯಾವಾಗಲೂ ಹಸಿರಾಗಿಯೇ ಇತ್ತಲ್ಲ ಎಂದು ನಾವೆಲ್ಲ ಅವಳನ್ನು ಹಾಸ್ಯ ಮಾಡಿದೆವು. ಬೇರೆ ಬಣ್ಣ ನೆನಪಿದ್ದದ್ದು ಬರೆದವಳೊಬ್ಬಳಿಗೆ ಮಾತ್ರ. ಪಾಪ, ಅವಳು ನೀಲಿ ನೀಲಿ ಎನ್ನುತ್ತ ಎಷ್ಟೋ ದಿನ ಅತ್ತಳು.

ಈ ಕಾಗದವನ್ನು ನಮ್ಮ ಪಾಲಕರು ಓದಿಯೇ ಕಳಿಸುತ್ತಾರೆ. ಕೆಟ್ಟವರಲ್ಲ. ಅವ್ವನ ಕಾಲು ಒತ್ತಿ ವಿಚಾರಿಸುವಷ್ಟು ಒಳ್ಳೆಯವರು. ನನ್ನ ಕಥೆಯನ್ನೆಲ್ಲ ಕೇಳಿ ಅವರು ಹೇಳಿದ್ದು ಇಷ್ಟು: "ನೀವ್ ಹೇಳೋದು ಸುಳ್ಳು ಅಂತ ನಾನ್ ಅನ್ನಲ್ಲ ತಾಯಿ. ಆದ್ರೆ ನಿಮ್ ಬಾಯಿ ಹೇಳಿದ್ರೆ ಆಗಲ್ಲ, ಗೋಡೆ ಹೇಳ್ಬೇಕು. ಗೋಡೆ ಹೇಳಿದ್ರೆ ನಾನೇ ಹಾರೆ ಹಿಡ್ಕೊಂಡು ಬರ್ತೀನಿ." ಅವರ ಮಾತನ್ನು ನಾನು ನಂಬುತ್ತೇನೆ. ಅವರೂ ಕಾನೂನಿನ ಒಳಗೆ ಸಿಕ್ಕಿಕೊಂಡವರೇ.

ಆದ್ದರಿಂದ ಅಜ್ಜಿ, ನನ್ನದು ಒಂದೇ ಕೋರಿಕೆ. ಮನೆ ಉಳಿಸಬೇಡಿ ಎಂದು ಕೇಳುತ್ತಿಲ್ಲ. ನೀವು ಉಳಿಸದಿದ್ದರೆ ಅಲ್ಲೊಂದು ಅಂಗಡಿ ಸಾಲು ಏಳುತ್ತಿತ್ತು, ತೊಟ್ಟಿಯ ಬಿಸಿಲನ್ನು ಯಾರೂ ನೋಡುತ್ತಿರಲಿಲ್ಲ. ಊಟದ ದಿನ ಆ ಮಾತು ಆಡಬೇಡಿ ಎಂದೂ ಕೇಳುವುದಿಲ್ಲ. ಸಂತೋಷದಲ್ಲಿ ಬಂದ ಮಾತು, ಯಾರಾದರೂ ಆಡುವಂಥದ್ದೇ. ಯಜಮಾನರೊಡನೆ ಜಗಳವಾಡಿದರೂ ಚಿಂತೆಯಿಲ್ಲ. ಮೇಸ್ತ್ರಿ ಮುನಿರಾಜು ಆ ಪ್ರಶ್ನೆ ಕೇಳಿದಾಗ "ಹಿಂಗೇ ಬಿಡಿ" ಎನ್ನಿ, ಅಷ್ಟು ಸಾಕು. ನಡುಮನೆಯ ಉತ್ತರದ ಗೋಡೆಯಲ್ಲಿ ಒಂದು ಹೆಣ ದಾಟುವಷ್ಟು ಜಾಗವನ್ನು ಗಾರೆಯಿಲ್ಲದೆ, ಸುಣ್ಣವಿಲ್ಲದೆ, ಇಟ್ಟಿಗೆ ಕಾಣುವಂತೆ ಬಿಡಿ. ಬಂದ ನೆಂಟರು ಇದೇನು ಹೀಗೆ ಎನ್ನುತ್ತಾರೆ. ಅನ್ನಲಿ. ನಿಮ್ಮ ತಾಯಿ ದಿನಾ ಗೊಣಗುತ್ತಾರೆ. ಗೊಣಗಲಿ. ಎಲ್ಲಕ್ಕಿಂತ ಕಷ್ಟವಾಗುವುದು ನಿಮಗೇ. ಉಳಿದ ಗೋಡೆಗಳೆಲ್ಲ ಬೆಳ್ಳಗೆ ಹೊಳೆಯುವಾಗ ಅದೊಂದು ಕಡೆ ಕಣ್ಣು ಚುಚ್ಚುತ್ತದೆ, ಉಗಾದಿ ಬಂದಾಗ ಕೈ ತಾನಾಗಿ ಅತ್ತ ಹೋಗುತ್ತದೆ. ಬಲ್ಲೆ, ನನ್ನ ಕೈಯೂ ಅದೇ ಕೈ. ಹತ್ತಿರ ಹೋಗಬೇಡಿ, ಅಲ್ಲೊಂದು ಕ್ಯಾಲೆಂಡರನ್ನೂ ತೂಗುಹಾಕಬೇಡಿ. ನಿಮ್ಮ ಮಗಳು ಯಾಕಮ್ಮ ಅಲ್ಲಿ ಮಾತ್ರ ಬಳಿದಿಲ್ಲ ಎಂದು ಕೇಳಿದರೆ, ಅದು ಬಾಗಿಲು ಎಂದು ಹೇಳಿ.

ನಾಳೆ ಧನಿಷ್ಠೆ ಹುಟ್ಟುತ್ತದೆ. ಅವ್ವ ನಿನ್ನೆಯಿಂದ ಗಂಜಿ ಬಿಟ್ಟಿದ್ದಾಳೆ. ಬಾಯಿಗೆ ಹನಿಸಿದ ನೀರನ್ನೂ ಕಟವಾಯಿಯಿಂದ ಹೊರಕ್ಕೆ ಬಿಡುತ್ತಾಳೆ, ಆದರೂ ಉಸಿರು ಮಾತ್ರ ಬಿಗಿಹಿಡಿದಿದ್ದಾಳೆ. ಕಣ್ಣು ತೆರೆದಾಗಲೆಲ್ಲ ಹುಬ್ಬು ಎತ್ತಿ ಗೋಡೆಯ ಕಡೆ ಸನ್ನೆ ಮಾಡಿ ಕೇಳುತ್ತಾಳೆ. ನಾನು ಎದ್ದು ಹೋಗಿ ಅಂಗೈ ಇಟ್ಟು ನೋಡುತ್ತೇನೆ, ಬಂದು ಇನ್ನೂ ಇಲ್ಲ ಎಂದು ತಲೆಯಾಡಿಸುತ್ತೇನೆ. ಈ ಸಾಲು ಬರೆಯುವ ಮುಂಚೆಯೂ ಹೋಗಿ ಬಂದೆ. ನುಣ್ಣಗಿದೆ, ತಣ್ಣಗಿದೆ. ನೀವು ನನ್ನ ಮಾತು ಕೇಳಿದ ದಿನ ಅವ್ವ ಸನ್ನೆ ಮಾಡುವುದನ್ನು ನಿಲ್ಲಿಸುತ್ತಾಳೆ. ಆ ಇಟ್ಟಿಗೆಗಳು ಯಾವಾಗಲೂ ಅಲ್ಲೇ ಇದ್ದವಲ್ಲ ಎಂಬಂತೆ ನೋಡುತ್ತಾಳೆ. ನುಣ್ಣನೆಯ ಗೋಡೆ ನನಗೊಬ್ಬಳಿಗೆ ನೆನಪಿರುತ್ತದೆ. ಅದು ನನ್ನ ಪಾಲಿಗೆ ಇರಲಿ, ಹೊರಗೆ ಹೋಗುವಾಗ ಅದನ್ನೂ ಹೊತ್ತುಕೊಂಡು ಹೋಗುತ್ತೇನೆ.

ನೀವು ಕೇಳದೆ ಹೋದರೆ ಅವ್ವ ಇಷ್ಟು ಹಟ ಹಿಡಿದು ಕಾದ ಸಾವು ದಂಡವಾಗುತ್ತದೆ. ಅವಳ ಬಟ್ಟೆ ನನಗೆ ಉಡಿಸುತ್ತಾರೆ, ನನ್ನದನ್ನು ಮಗಳಿಗೆ. ಹಗ್ಗದ ಆಚೆ ಲೋಹಿತ್ ನಿಂತು ಅವಳು ಒಗ್ಗರಣೆ ಹಾಕುವುದನ್ನು ನೋಡುತ್ತಾನೆ.

ಮೇಸ್ತ್ರಿ ನಿಮ್ಮ ಬಾಯಿ ನೋಡುತ್ತ ನಿಂತಿರಬೇಕು. ಕುಂಚ ಕೆಳಗಿಡಿ ಅಜ್ಜಿ.

ಇಂತು,
ನಿಮ್ಮ ಹೆಸರನ್ನು ಹೊತ್ತವಳು.
ಮಿಕ್ಸಿ ತಿರುಗುವಾಗ ಅವ್ವ ನನ್ನನ್ನು ಕರೆಯುವುದು ಬಯಲಮ್ಮ ಎಂದು.